ಮೃದಂಗದ ಕಪ್ಪುಬೊಟ್ಟಿನ ಗುಟ್ಟು

ಸಂಗೀತ ಕಛೇರಿ ಆರಂಭವಾಗುವ ಮುನ್ನ ವೇದಿಕೆಯ ಮೇಲೆ ನಡೆಯುವ ಒಂದು ಸಣ್ಣ ಕೆಲಸವನ್ನು ಎಲ್ಲರೂ ನೋಡಿರುತ್ತಾರೆ. ಮೃದಂಗ ವಿದ್ವಾಂಸರು ವಾದ್ಯವನ್ನು ಹತ್ತಿರಕ್ಕೆ ಎಳೆದುಕೊಂಡು, ಕೈಯಲ್ಲೊಂದು ಕಲ್ಲು ಹಿಡಿದು, ಬಲ ಮುಚ್ಚಿಗೆಯ ಅಂಚಿನ ಹೆಣಿಗೆಯನ್ನು ಟಕಟಕನೆ ಕುಟ್ಟುತ್ತಾರೆ. ಒಂದು ಕಡೆ ಮೇಲಿನಿಂದ ಏಟು ಬೀಳುತ್ತದೆ, ಇನ್ನೊಂದು ಕಡೆ ಕೆಳಗಿನಿಂದ. ನಡುನಡುವೆ ಬೆರಳಿನಿಂದ ನುಡಿಸಿ, ತಂಬೂರಿಯ ಷಡ್ಜಕ್ಕೆ ಕಿವಿಗೊಟ್ಟು, ಮತ್ತೆ ಕುಟ್ಟುತ್ತಾರೆ. ಸಭಿಕರ ಪಾಲಿಗೆ ಇದು ಪಕ್ಕದವರೊಂದಿಗೆ ಮಾತಾಡುವ ಹೊತ್ತು. ಆದರೆ ಈ ಐದು ನಿಮಿಷಗಳಲ್ಲಿ ನಡೆಯುವುದು ಸಾಮಾನ್ಯ ಸಂಗತಿಯಲ್ಲ. ಚರ್ಮದ ವಾದ್ಯವೊಂದನ್ನು ಅಲ್ಲಿ ತಂತಿವಾದ್ಯದ ಶ್ರುತಿಗೆ ಕೂಡಿಸಲಾಗುತ್ತಿರುತ್ತದೆ.

ಚರ್ಮಕ್ಕೆ ಶ್ರುತಿ ಎಲ್ಲಿಂದ ಬಂತು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನದ ಲೆಕ್ಕ ಹೇಳುತ್ತಿದ್ದುದೇ ಬೇರೆ. ಚೌಕಟ್ಟಿಗೆ ಬಿಗಿದ ದುಂಡನೆಯ ಪೊರೆಯಿಂದ ಗದ್ದಲ ಬರಬಹುದೇ ಹೊರತು ಶುದ್ಧ ಸ್ವರ ಬರಲಾರದು ಎಂಬುದು ಅದರ ತೀರ್ಮಾನ. ಹಾಗಿದ್ದೂ ಮೃದಂಗ ಮತ್ತು ತಬಲಾ ಶತಮಾನಗಳಿಂದ ಶ್ರುತಿಗೆ ಸೇರಿ ನುಡಿಯುತ್ತಲೇ ಬಂದಿವೆ. ಲೆಕ್ಕಕ್ಕೂ ಕಿವಿಗೂ ನಡುವಿನ ಈ ಜಗಳವನ್ನು ಬಿಡಿಸಿದವರು ನಮ್ಮವರೇ ಆದ ಸರ್ ಸಿ.ವಿ. ರಾಮನ್. ಬೆಳಕಿನ ಕುರಿತ ಸಂಶೋಧನೆಗೆ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್ ಎಲ್ಲರಿಗೂ ಗೊತ್ತು. ಮೃದಂಗದ ಮೇಲೆ ಮರಳು ಉದುರಿಸಿ ನೋಡುತ್ತಿದ್ದ ರಾಮನ್ ಅಷ್ಟಾಗಿ ಗೊತ್ತಿಲ್ಲ.

ತಂತಿಯ ದಾರಿ, ಚರ್ಮದ ದಾರಿ

ಮೊದಲು ತಂತಿಯ ಸಂಗತಿ ನೋಡೋಣ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಸೋನೋಮೀಟರ್ ನೆನಪಿರಬಹುದು. ಮರದ ಪೆಟ್ಟಿಗೆಯ ಮೇಲೆ ಎಳೆದು ಕಟ್ಟಿದ ಒಂದೇ ತಂತಿ. ಅದನ್ನು ಮೀಟಿದಾಗ ತಂತಿ ಒಂದೇ ಬಗೆಯಲ್ಲಿ ಅಲುಗುವುದಿಲ್ಲ. ಇಡೀ ತಂತಿ ಒಂದಾಗಿ ಮೇಲೆ ಕೆಳಗೆ ಆಡುತ್ತದೆ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿಯೂ ಆಡುತ್ತದೆ. ಇಡೀ ತಂತಿ ಸೆಕೆಂಡಿಗೆ 100 ಸಲ ಕಂಪಿಸಿದರೆ, ಉಳಿದ ಕಂಪನಗಳು 200, 300, 400, 500 ಹೀಗೆ ಸಾಗುತ್ತವೆ. ಎಲ್ಲವೂ ಮೊದಲಿನದರ ಪೂರ್ಣಾಂಕದ ಗುಣಕಗಳೇ.

ಇದನ್ನೇ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ 100 ಎಂಬುದು ಷಡ್ಜ. 200 ಅದರ ಮೇಲಿನ ಸ್ಥಾಯಿಯ ಷಡ್ಜ, 300 ಆ ಸ್ಥಾಯಿಯ ಪಂಚಮ, 400 ಮತ್ತೂ ಮೇಲಿನ ಷಡ್ಜ, 500 ಅಂತರ ಗಾಂಧಾರ. ಒಳ್ಳೆಯ ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿದಾಗ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ ಎಂದು ಸಂಗೀತಗಾರರು ಹೇಳುವುದುಂಟು. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಆ ಗಾಂಧಾರ ಹುಟ್ಟುವುದು ತಂತಿಯ ಈ ಐದನೆಯ ಕಂಪನದಿಂದ. ಪೂರ್ಣಾಂಕದ ಲೆಕ್ಕದಲ್ಲಿ ಬರುವ ಸ್ವರಗಳನ್ನು ನಮ್ಮ ಕಿವಿ ಬೇರೆ ಬೇರೆಯಾಗಿ ಎಣಿಸುವುದಿಲ್ಲ. ಒಂದೇ ತುಂಬು ಸ್ವರವಾಗಿ ಕೇಳುತ್ತದೆ.

ಚರ್ಮದ ಪೊರೆ ಹಾಗಲ್ಲ. ತಂತಿಗೆ ಇರುವುದು ಉದ್ದ ಮಾತ್ರ. ಪೊರೆ ಹರಡಿಕೊಂಡ ವಸ್ತು. ಅದು ನಡುವಿನಿಂದ ಅಂಚಿನವರೆಗೆ ವೃತ್ತಗಳಾಗಿಯೂ ಭಾಗವಾಗಬಹುದು, ರೊಟ್ಟಿಯನ್ನು ತುಂಡು ಮಾಡಿದಂತೆ ವ್ಯಾಸದ ಗೆರೆಗಳಲ್ಲಿಯೂ ಭಾಗವಾಗಬಹುದು. ಎಲ್ಲ ಕಡೆ ಒಂದೇ ದಪ್ಪವಿರುವ ಪೊರೆಯ ಮೊದಲ ಕಂಪನ ಸೆಕೆಂಡಿಗೆ 100 ಎಂದಿಟ್ಟುಕೊಂಡರೆ ಮುಂದಿನವು ಸುಮಾರು 159, 214, 230, 265, 292 ಹೀಗೆ ಬರುತ್ತವೆ. ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಕಿವಿಗೆ ಇವು ಒಂದಾಗಿ ಕೂಡುವುದಿಲ್ಲ. ಢಮಢಮ ಎಂಬ ಸದ್ದಾಗಿ ಕೇಳಿಸುತ್ತವೆ. ತಮಟೆ, ಡೊಳ್ಳು, ಚಂಡೆಗಳ ಅಬ್ಬರಕ್ಕೆ ಇದೇ ಮೂಲ. ಆ ವಾದ್ಯಗಳಿಗೆ ಬೇಕಾದದ್ದೂ ಅದೇ. ಬಯಲಿನಲ್ಲಿ ಸಾವಿರ ಜನರನ್ನು ಕುಣಿಸಬೇಕಾದ ವಾದ್ಯಕ್ಕೆ ಶ್ರುತಿಗಿಂತ ಗತ್ತು ಮುಖ್ಯ.

ಪಾಶ್ಚಾತ್ಯ ವಾದ್ಯವೃಂದದಲ್ಲಿಯೂ ಶ್ರುತಿ ಮಾಡಬಹುದಾದ ಒಂದು ಚರ್ಮವಾದ್ಯ ಇದೆ. ದೊಡ್ಡ ತಾಮ್ರದ ಹಂಡೆಯ ಬಾಯಿಗೆ ಚರ್ಮ ಬಿಗಿದಂತೆ ಕಾಣುವ ಕೆಟಲ್ ಡ್ರಮ್. ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರ್‍ಯಾಲೆ ಅದನ್ನು ಪರೀಕ್ಷಿಸಿದ್ದರು. ಅದರ ಅಗಲವಾದ ಚರ್ಮ ಅಲುಗುವಾಗ ತನ್ನೊಂದಿಗೆ ಸಾಕಷ್ಟು ಗಾಳಿಯನ್ನೂ ಅಲುಗಿಸಬೇಕಾಗುತ್ತದೆ. ಆ ಗಾಳಿಯ ಹೊರೆಯಿಂದ ಕೆಲವು ಕಂಪನಗಳು ಪೂರ್ಣಾಂಕದ ಅನುಪಾತಕ್ಕೆ ಹತ್ತಿರ ಬರುತ್ತವೆ. ಅಂಚಿಗೆ ಹತ್ತಿರದಲ್ಲಿ ಬಾರಿಸಿದರೆ ಆ ಕಂಪನಗಳೇ ಮುಂದಾಗಿ ಕೇಳುತ್ತವೆ. ಆದರೆ ಅಂಗೈ ಅಗಲದ ಮೃದಂಗದ ಮುಖಕ್ಕೆ ಈ ಉಪಾಯ ಸಾಲದು. ಅಲ್ಲಿ ಇನ್ನೇನೋ ನಡೆಯುತ್ತಿರಬೇಕು.

ಲೆಕ್ಕಪತ್ರದ ಅಧಿಕಾರಿಯ ಹವ್ಯಾಸ

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರಲ್ಲಿ ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಮನೆಯಲ್ಲಿ ಪಿಟೀಲು ನುಡಿಸುತ್ತಿದ್ದವರು. ಮುಂದೆ ರಾಮನ್ ಕೈಹಿಡಿದ ಲೋಕಸುಂದರಿ ಅವರು ವೀಣೆ ಬಲ್ಲವರು. ವಿದ್ಯಾರ್ಥಿಯಾಗಿದ್ದಾಗಲೇ ಅವರನ್ನು ಹಿಡಿದಿಟ್ಟ ಪುಸ್ತಕಗಳಲ್ಲಿ ಒಂದು, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ನಾದದ ಅನುಭವವನ್ನು ಕುರಿತು ಬರೆದ ಗ್ರಂಥ. ಸಂಗೀತ ಮತ್ತು ವಿಜ್ಞಾನ ಎರಡು ಬೇರೆ ಕೋಣೆಗಳು ಎಂಬ ಭಾವನೆ ಅವರಲ್ಲಿ ಬೆಳೆಯಲು ಅವಕಾಶವೇ ಇರಲಿಲ್ಲ.

ಆ ಕಾಲದಲ್ಲಿ ಭಾರತೀಯ ತರುಣನೊಬ್ಬ ಸಂಶೋಧನೆಯನ್ನೇ ನಂಬಿ ಹೊಟ್ಟೆ ಹೊರೆಯುವುದು ಕಷ್ಟವಿತ್ತು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಆ ಊರಿನ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ರಾಮನ್ ಬೆಳಗ್ಗೆ ಕಚೇರಿಗೆ ಹೋಗುವ ಮುನ್ನ ಮತ್ತು ಸಂಜೆ ಕಚೇರಿ ಮುಗಿದ ಮೇಲೆ ಅಲ್ಲಿ ಪ್ರಯೋಗ ಮಾಡುತ್ತಿದ್ದರು. ಸುಮಾರು ಹತ್ತು ವರ್ಷ ಹೀಗೇ ನಡೆಯಿತು. ಹಗಲು ಸರ್ಕಾರದ ಲೆಕ್ಕ, ಮುಂಜಾನೆ ಮುಸ್ಸಂಜೆ ನಾದದ ಲೆಕ್ಕ.

ಆ ಪ್ರಯೋಗಾಲಯದಲ್ಲಿ ದೊಡ್ಡ ಯಂತ್ರಗಳಿರಲಿಲ್ಲ. ಆದರೆ ಪಿಟೀಲು, ವೀಣೆ, ತಂಬೂರಿಗಳಿಗೆ ದೊಡ್ಡ ಯಂತ್ರ ಬೇಕಾಗಿಯೂ ಇರಲಿಲ್ಲ. ಭಿಕ್ಷುಕರು ಮೀಟುವ ಏಕತಾರಿಯ ಬಗ್ಗೆಯೂ ಅವರು ಬರೆದರು. ಪಿಟೀಲಿನ ತಂತಿಯ ಮೇಲೆ ಕಮಾನು ಆಡುವಾಗ ಆಗುವ ಕಂಪನಗಳ ಬಗ್ಗೆ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಅವರು ಸರ್ಕಾರಿ ಕೆಲಸ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. 1920ರ ಜನವರಿಯಲ್ಲಿ ಬ್ರಿಟನ್ನಿನ ಪ್ರಸಿದ್ಧ ವಿಜ್ಞಾನ ಪತ್ರಿಕೆ ‘ನೇಚರ್’ನಲ್ಲಿ ರಾಮನ್ ಮತ್ತು ಅವರ ಸಹಾಯಕ ಶಿವಕಾಳಿ ಕುಮಾರ್ ಅವರ ಪುಟ್ಟ ಟಿಪ್ಪಣಿ ಅಚ್ಚಾಯಿತು. ಚರ್ಮವಾದ್ಯಗಳಿಗೆ ಶುದ್ಧ ಮೇಲುಸ್ವರಗಳಿಲ್ಲ ಎಂಬ ನಿಯಮಕ್ಕೆ ಭಾರತದ ಒಂದು ಜಾತಿಯ ವಾದ್ಯಗಳು ಅಪವಾದ ಎಂಬುದು ಅದರ ಸಾರ.

ಬಟ್ಟೆ ಒಣಹಾಕುವ ಹಗ್ಗ

ಅಪವಾದದ ಗುಟ್ಟು ಇರುವುದು ಮುಚ್ಚಿಗೆಯ ನಡುವಿನ ಕಪ್ಪುಬೊಟ್ಟಿನಲ್ಲಿ. ಕರ್ನಾಟಕ ಸಂಗೀತದವರು ಇದನ್ನು ಕರಣೆ ಎನ್ನುತ್ತಾರೆ. ತಬಲಾದವರಿಗೆ ಇದು ಸ್ಯಾಹಿ. ಬೆಂದ ಅನ್ನ ಮತ್ತು ಕಬ್ಬಿಣದ ಅಂಶವಿರುವ ಕಪ್ಪು ಕಲ್ಲಿನ ನುಣುಪಾದ ಪುಡಿ ಸೇರಿಸಿ ಅರೆದ ಕಣಕವನ್ನು ಚರ್ಮದ ಮೇಲೆ ತೆಳ್ಳಗೆ ಹಚ್ಚುತ್ತಾರೆ. ನಯವಾದ ಕಲ್ಲಿನಿಂದ ತಿಕ್ಕಿ ಅದನ್ನು ಒಣಗಿಸುತ್ತಾರೆ. ಅದರ ಮೇಲೆ ಇನ್ನೊಂದು ಪದರ, ಮತ್ತೆ ತಿಕ್ಕುವುದು, ಮತ್ತೊಂದು ಪದರ. ಕೊನೆಗೆ ನಡುವೆ ದಪ್ಪ, ಅಂಚಿಗೆ ತೆಳು ಆದ ಒಂದು ಬಿಲ್ಲೆ ಸಿದ್ಧವಾಗುತ್ತದೆ. ತಿಕ್ಕುವಾಗ ಅದರಲ್ಲಿ ಕಣ್ಣಿಗೆ ಕಂಡೂ ಕಾಣದಂತಹ ಬಿರುಕುಗಳು ಏಳುತ್ತವೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಬಿರುಕುಗಳು ಇರುವುದರಿಂದಲೇ ಬಿಲ್ಲೆ ಹಲಗೆಯಂತೆ ಸೆಟೆಯದೆ ಚರ್ಮದೊಂದಿಗೆ ಬಾಗುತ್ತದೆ. ಹೀಗಾಗಿ ಚರ್ಮಕ್ಕೆ ತೂಕ ಕೂಡುತ್ತದೆ, ಗಡಸುತನ ಕೂಡುವುದಿಲ್ಲ.

ಈ ತೂಕ ಏನು ಮಾಡುತ್ತದೆ ಎಂದು ತಿಳಿಯಲು ಮನೆಯ ಹಿತ್ತಲಿನ ಬಟ್ಟೆ ಒಣಹಾಕುವ ಹಗ್ಗ ಸಾಕು. ಬರಿಯ ಹಗ್ಗವನ್ನು ಎಳೆದು ಬಿಟ್ಟರೆ ಅದು ಬೇಗಬೇಗ ಮೇಲೆ ಕೆಳಗೆ ಆಡುತ್ತದೆ. ಅದರ ಸರಿಯಾಗಿ ನಡುವೆ ಒಂದು ಒದ್ದೆ ಟವೆಲು ನೇತುಹಾಕಿದರೆ ಆಟ ನಿಧಾನವಾಗುತ್ತದೆ, ಏಕೆಂದರೆ ಹೆಚ್ಚು ಆಡಬೇಕಾದ ನಡುಭಾಗಕ್ಕೇ ಹೊರೆ ಬಿದ್ದಿದೆ. ಈಗ ಹಗ್ಗದ ಎಡಭಾಗ ಮೇಲೇರಿದಾಗ ಬಲಭಾಗ ಕೆಳಗಿಳಿಯುವಂತೆ ಆಡಿಸಿದರೆ? ಆಗ ನಡುಭಾಗ ಇದ್ದಲ್ಲೇ ಇರುತ್ತದೆ. ಅಲುಗದ ಜಾಗದಲ್ಲಿ ಟವೆಲು ಇದ್ದರೂ ಒಂದೇ, ಇಲ್ಲದಿದ್ದರೂ ಬಹುಪಾಲು ಒಂದೇ. ಅಂದರೆ ನಡುವಿನ ತೂಕ ಮೊದಲನೆಯ ಬಗೆಯ ಆಟವನ್ನು ತುಂಬ ನಿಧಾನಗೊಳಿಸುತ್ತದೆ, ಎರಡನೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಮುಚ್ಚಿಗೆಯ ಮೇಲೆ ನಡೆಯುವುದೂ ಇದೇ. ಬರಿಯ ಚರ್ಮದಲ್ಲಿ ಮೊದಲ ಎರಡು ಕಂಪನಗಳು 100 ಮತ್ತು 159 ಆಗಿದ್ದವು. ಮೊದಲನೆಯ ಕಂಪನದಲ್ಲಿ ನಡುಭಾಗವೇ ಹೆಚ್ಚು ಆಡುವುದರಿಂದ ಕರಣೆಯ ತೂಕ ಅದನ್ನು ಬಹಳವಾಗಿ ತಗ್ಗಿಸುತ್ತದೆ. ಎರಡನೆಯದರಲ್ಲಿ ಅಲುಗದ ಗೆರೆಯೊಂದು ನಡುವಿನಿಂದಲೇ ಹಾದುಹೋಗುತ್ತದೆ. ಆದ್ದರಿಂದ ಅದು ಸ್ವಲ್ಪ ಮಾತ್ರ ತಗ್ಗುತ್ತದೆ. ಎರಡರ ನಡುವಿನ ಅಂತರ ಹಿಗ್ಗುತ್ತ ಹೋಗುತ್ತದೆ. ಕರಣೆಯ ಅಗಲ ಮತ್ತು ದಪ್ಪ ಹದವಾಗಿದ್ದರೆ ಒಂದು ಹಂತದಲ್ಲಿ ಅವು ಸರಿಯಾಗಿ ಒಂದಕ್ಕೆ ಎರಡರ ಅನುಪಾತಕ್ಕೆ ಬಂದು ನಿಲ್ಲುತ್ತವೆ. ಉಳಿದ ಕಂಪನಗಳೂ ಅದೇ ಹದದಲ್ಲಿ ಮೂರು, ನಾಲ್ಕು, ಐದರ ಮೆಟ್ಟಿಲುಗಳಿಗೆ ಸರಿಯುತ್ತವೆ. ಕರಣೆ ಕಡಿಮೆಯಾದರೆ ಮೆಟ್ಟಿಲು ತಲುಪುವುದಿಲ್ಲ. ಹೆಚ್ಚಾದರೆ ದಾಟಿಹೋಗುತ್ತದೆ.

ಮರಳು ಬರೆದ ಚಿತ್ರ

ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷ ಇಲ್ಲಿಯೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಅವರು ಭಾರತೀಯ ಚರ್ಮವಾದ್ಯಗಳ ಬಗ್ಗೆ ವಿಸ್ತಾರವಾದ ಲೇಖನ ಬರೆದರು. ನೊಬೆಲ್ ಬಂದು ನಾಲ್ಕು ವರ್ಷ ಕಳೆದಿತ್ತು. ಜಗತ್ತು ಅವರಿಂದ ಬೆಳಕಿನ ಬಗ್ಗೆ ಕೇಳಲು ಕಾದಿದ್ದಾಗಲೂ ಅವರ ಮನಸ್ಸು ಮೃದಂಗವನ್ನು ಬಿಟ್ಟಿರಲಿಲ್ಲ.

ಈ ಲೇಖನದ ಪ್ರಯೋಗಗಳಿಗೆ ಬೇಕಾದ ಮುಖ್ಯ ಸಾಮಗ್ರಿ ಒಂದು ಹಿಡಿ ಸಣ್ಣ ಮರಳು. ಜರ್ಮನಿಯ ಕ್ಲಾಡ್ನಿ ಎಂಬಾತ 1787ರಲ್ಲಿ ಲೋಹದ ತಗಡಿನ ಮೇಲೆ ಮರಳು ಹರಡಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ತೋರಿಸಿದ್ದ ಉಪಾಯ ಇದು. ಕಂಪಿಸುವ ಜಾಗದಿಂದ ಮರಳು ಜಿಗಿದು, ಅಲುಗದ ಗೆರೆಗಳಲ್ಲಿ ಬಂದು ಕೂರುತ್ತದೆ. ರಾಮನ್ ಮೃದಂಗದ ಮುಖದ ಮೇಲೆ ಮರಳು ಉದುರಿಸಿ, ಚರ್ಮವನ್ನು ಒಂದು ಕಡೆ ಬೆರಳಿನಿಂದ ಮೆಲ್ಲಗೆ ಮುಟ್ಟಿ, ಇನ್ನೊಂದು ಕಡೆ ನುಡಿಸಿದರು. ಬೆರಳು ಮುಟ್ಟಿದ ಜಾಗಕ್ಕೆ ತಕ್ಕಂತೆ ಒಂದೊಂದು ಸ್ವರ ಮಾತ್ರ ಬಿಡಿಯಾಗಿ ಕೇಳಿತು, ಮರಳು ಒಂದೊಂದು ಚಿತ್ರ ಬರೆಯಿತು.

ಆ ಚಿತ್ರಗಳನ್ನು ಎಣಿಸಿದಾಗ ಸಿಕ್ಕ ಉತ್ತರ ಸೊಗಸಾಗಿತ್ತು. ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಸೇರಿ ಕೊಡುವುದು ಐದೇ ಸ್ವರಗಳನ್ನು. ಮೊದಲ ಎರಡು ಸ್ವರಗಳಿಗೆ ಒಂದೊಂದು ಕಂಪನ, ಮೂರನೆಯ ಮತ್ತು ನಾಲ್ಕನೆಯ ಸ್ವರಗಳಿಗೆ ಎರಡೆರಡು, ಐದನೆಯದಕ್ಕೆ ಮೂರು. ಬರಿಯ ಚರ್ಮದಲ್ಲಿ ದಿಕ್ಕಿಗೊಂದಾಗಿ ಓಡುತ್ತಿದ್ದ ಒಂಬತ್ತು ಕಂಪನಗಳನ್ನು ಕರಣೆ ಐದು ಸಾಲಿನಲ್ಲಿ ಕೂರಿಸಿತ್ತು. ಆ ಐದು ಸಾಲುಗಳೆಂದರೆ ತಂತಿಯ 1, 2, 3, 4, 5. ಷಡ್ಜ, ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಗಾಂಧಾರ. ತಂಬೂರಿಯಲ್ಲಿ ಕೇಳುವ ಸ್ವರಗಳೇ ಮೃದಂಗದಲ್ಲಿಯೂ ಇವೆ. ಎರಡೂ ಒಂದಕ್ಕೊಂದು ಒಗ್ಗುವುದರಲ್ಲಿ ಆಶ್ಚರ್ಯವೇನು? ಅದಕ್ಕಿಂತ ಮೇಲಿನ ಕರ್ಕಶ ಸ್ವರಗಳನ್ನು ಅಡಗಿಸಲು ಮುಚ್ಚಿಗೆಯ ಅಂಚಿಗೆ ಸುತ್ತಲೂ ಹೊದಿಸಿದ ಚರ್ಮದ ಬಳೆ ನೆರವಾಗುತ್ತದೆ.

ಈ ಚಿತ್ರಗಳು ನುಡಿಸುವವರ ಕೈಯಲ್ಲಿಯೂ ಇವೆ. ಮೃದಂಗದ ‘ನಂ’ ಅಥವಾ ತಬಲಾದ ‘ನಾ’ ನುಡಿಸುವಾಗ ಉಂಗುರ ಬೆರಳು ಕರಣೆಯ ಅಂಚಿನಲ್ಲಿ ಹಗುರವಾಗಿ ಕುಳಿತಿರುತ್ತದೆ, ತೋರುಬೆರಳು ಅಂಚಿಗೆ ಹೊಡೆಯುತ್ತದೆ. ಕುಳಿತ ಬೆರಳು ಮೊದಲ ಕಂಪನವನ್ನು ತಡೆಯುತ್ತದೆ. ಆದರೆ ಎರಡನೆಯ ಕಂಪನದ ಅಲುಗದ ಗೆರೆ ಆ ಬೆರಳಿನ ಅಡಿಯಲ್ಲೇ ಹಾದುಹೋಗುವುದರಿಂದ ಅದಕ್ಕೆ ಅಡ್ಡಿಯಾಗುವುದಿಲ್ಲ. ಹಾಗಾಗಿ ಮೇಲಿನ ಷಡ್ಜ ಗಂಟೆಯಂತೆ ಮೊಳಗುತ್ತದೆ. ಪಾಠದ ಮೊದಲ ವಾರದಲ್ಲೇ ಮಕ್ಕಳು ಕಲಿಯುವ ಈ ಬೆರಳಿನ ನೆಲೆ, ಭೌತವಿಜ್ಞಾನದ ಪುಸ್ತಕದಲ್ಲಿ ನಿಸ್ಪಂದ ರೇಖೆ ಎಂಬ ಹೆಸರಿನಲ್ಲಿ ಬರುತ್ತದೆ.

ರಾಮನ್ ತೋರಿಸಿದ್ದನ್ನು ಗಣಿತದಲ್ಲಿ ಕೂರಿಸುವ ಕೆಲಸವೂ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ್ ಸೋಂಧಿ 1954ರಲ್ಲಿ, ನಡುವೆ ಭಾರವಾದ ಬಿಲ್ಲೆ ಮತ್ತು ಸುತ್ತ ಹಗುರವಾದ ಪೊರೆ ಇರುವ ಮುಚ್ಚಿಗೆಯ ಲೆಕ್ಕ ಮಾಡಿದರು. ಬಿಲ್ಲೆಯ ಅಗಲ ಮತ್ತು ತೂಕ ಇಂತಿಷ್ಟಿದ್ದರೆ ಕಂಪನಗಳು ಪೂರ್ಣಾಂಕಗಳ ಸಮೀಪಕ್ಕೆ ಬರುತ್ತವೆ ಎಂದು ಕಾಗದದ ಮೇಲೆ ಸಿದ್ಧವಾಯಿತು.

ಕಲ್ಲಿನ ಏಟಿನ ಅರ್ಥ

ಈಗ ವೇದಿಕೆಯ ಮೇಲಿನ ಆ ಕಲ್ಲಿನ ಏಟಿಗೂ ಅರ್ಥ ಹೊಳೆಯುತ್ತದೆ. ಹೆಣಿಗೆಯನ್ನು ಮೇಲಿನಿಂದ ಕುಟ್ಟಿದರೆ ಚರ್ಮ ಬಿಗಿಯಾಗಿ ಶ್ರುತಿ ಏರುತ್ತದೆ, ಕೆಳಗಿನಿಂದ ಕುಟ್ಟಿದರೆ ಸಡಿಲವಾಗಿ ಇಳಿಯುತ್ತದೆ. ಶ್ರುತಿ ಇಮ್ಮಡಿಯಾಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು ಎಂಬುದು ನಿಯಮ. ಅರ್ಧ ಸ್ವರ ಏರಿಸಲು ಬಿಗಿತವನ್ನು ನೂರಕ್ಕೆ ಸುಮಾರು ಹನ್ನೆರಡರಷ್ಟು ಹೆಚ್ಚಿಸಬೇಕಾಗುತ್ತದೆ. ಅದನ್ನು ಒಂದೇ ಕಡೆ ಹೆಚ್ಚಿಸಿದರೂ ಕೆಲಸ ಕೆಡುತ್ತದೆ. ಬಾರುಗಳು ಹಾದುಹೋಗುವ ಹದಿನಾರು ಕಡೆಗಳಲ್ಲಿಯೂ ಬಿಗಿತ ಒಂದೇ ಆಗಿರಬೇಕು. ಒಂದು ದಿಕ್ಕಿನಲ್ಲಿ ಚರ್ಮ ಬಿಗಿಯಾಗಿ ಇನ್ನೊಂದು ದಿಕ್ಕಿನಲ್ಲಿ ಸಡಿಲವಾಗಿದ್ದರೆ ಒಂದೇ ಆಗಿ ಕೇಳಬೇಕಾದ ಸ್ವರ ಎರಡಾಗಿ ಒಡೆದು ಅಲೆಅಲೆಯಾಗಿ ಕೇಳುತ್ತದೆ. ವಿದ್ವಾಂಸರು ವಾದ್ಯವನ್ನು ತಿರುಗಿಸಿ ತಿರುಗಿಸಿ ಕುಟ್ಟುವುದು ಈ ಒಡಕನ್ನು ಸರಿಪಡಿಸಲು.

ಎಡ ಮುಚ್ಚಿಗೆಯ ಕಥೆಯೂ ತೂಕದ್ದೇ. ಕಛೇರಿಗೆ ಸ್ವಲ್ಪ ಮುಂಚೆ ಅದರ ನಡುವೆ ರವೆಯ ಹಸಿ ಕಣಕ ಮೆತ್ತುತ್ತಾರೆ. ಅದು ಸ್ವರವನ್ನು ತಗ್ಗಿಸಿ ಬಲಭಾಗಕ್ಕಿಂತ ಸುಮಾರು ಒಂದು ಸ್ಥಾಯಿ ಕೆಳಗೆ ತರುತ್ತದೆ. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಸ್ವರ ಹೆಚ್ಚು ತಗ್ಗಿದರೆ ಒಂದು ಚಿಟಿಕೆ ಕಣಕ ಕಿತ್ತರಾಯಿತು. ಅಡುಗೆಮನೆಯ ರವೆ ಇಲ್ಲಿ ತಕ್ಕಡಿಯ ಬೊಟ್ಟಿನಂತೆ ಕೆಲಸ ಮಾಡುತ್ತದೆ.

ಊರ ಜಾತ್ರೆಯಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಅದರ ಮುಂದೆ ಹಿಡಿದು ಕಾಯಿಸುವುದೂ ಇದೇ ಭೌತವಿಜ್ಞಾನದ ಇನ್ನೊಂದು ಅಧ್ಯಾಯ. ಚರ್ಮ ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗುತ್ತದೆ, ಸದ್ದು ಮಂಕಾಗುತ್ತದೆ. ಬೆಂಕಿಯ ಕಾವಿಗೆ ತೇವ ಆರಿ ಚರ್ಮ ಬಿಗಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಮೃದಂಗದ ಶ್ರುತಿ ಇಳಿಯುವುದಕ್ಕೂ, ಹವಾನಿಯಂತ್ರಿತ ಸಭಾಂಗಣದಲ್ಲಿ ಅದು ಏರುಪೇರಾಗುವುದಕ್ಕೂ ಈ ತೇವವೇ ಕಾರಣ.

ತಂಬೂರಿಯ ಜೀವ

ಹವ್ಯಾಸದಿಂದ ಹುಟ್ಟಿದ ಪ್ರಶ್ನೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ತಂಬೂರಿಯೂ ಉದಾಹರಣೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ, ಆ ಬಿಂದು ಅಲುಗದೆ ಇರಬೇಕಾದ ಸ್ವರಗಳು ಕೇಳಿಸಬಾರದು ಎಂದು ಥಾಮಸ್ ಯಂಗ್ 1800ರಲ್ಲಿ ಹೇಳಿದ್ದರು. ಸರಿಯಾಗಿ ನಡುವೆ ಮೀಟಿದರೆ ಎರಡನೆಯ ಸ್ವರ ಇರಬಾರದು. ತಂಬೂರಿ ಮತ್ತು ವೀಣೆಯಲ್ಲಿ ಈ ನಿಯಮ ನಡೆಯುವುದಿಲ್ಲ, ಇರಬಾರದ ಸ್ವರಗಳೂ ಗಟ್ಟಿಯಾಗಿ ಕೇಳುತ್ತವೆ ಎಂದು ರಾಮನ್ 1921ರ ಸುಮಾರಿಗೆ ತೋರಿಸಿಕೊಟ್ಟರು.

ಕಾರಣ ಈ ವಾದ್ಯಗಳ ಕುದುರೆ. ಪಿಟೀಲಿನ ಕುದುರೆ ತೆಳ್ಳಗೆ ಹರಿತವಾಗಿದ್ದರೆ, ತಂಬೂರಿಯದು ಅಗಲವಾಗಿ, ಮೆಲ್ಲಗೆ ಬಾಗಿರುತ್ತದೆ. ಅದರ ಮೇಲೆ ತಂತಿಯ ಅಡಿಗೆ ಒಂದು ಎಳೆ ನೂಲು ಸೇರಿಸುತ್ತಾರೆ. ಸಂಗೀತಗಾರರು ಅದನ್ನು ‘ಜೀವ’ ಎನ್ನುತ್ತಾರೆ. ನೂಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೂ ನಾದ ಬದಲಾಗುತ್ತದೆ. ತಂತಿ ಅಲುಗುವಾಗ ಕುದುರೆಯ ಬಾಗನ್ನು ಮತ್ತೆ ಮತ್ತೆ ಸವರುತ್ತ, ಪ್ರತಿಸಲವೂ ಹೊಸ ಮೇಲುಸ್ವರಗಳನ್ನು ಎಬ್ಬಿಸುತ್ತದೆ. ನೂಲು ಆ ಸ್ಪರ್ಶವನ್ನು ಹದಗೊಳಿಸುತ್ತದೆ. ಹೆಸರು ಇಟ್ಟವರು ಸುಮ್ಮನೆ ಜೀವ ಎನ್ನಲಿಲ್ಲ.

1921ರಲ್ಲೇ ರಾಮನ್ ಮೊದಲ ಸಲ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ತೆವಳಿ ಆಚೆ ಬದಿಯಲ್ಲಿ ಕೇಳಿಸುವುದನ್ನು ಪರೀಕ್ಷಿಸಿದರು. ವಿಜಯಪುರದ ಗೋಳಗುಮ್ಮಟ ನೋಡಿದ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ಸುಮಾರು 38 ಮೀಟರು ಅಗಲದ ಆ ಗುಮ್ಮಟದ ಒಂದು ಬದಿಯ ಪಿಸುಮಾತು ಎದುರು ಬದಿಗೆ ತಲುಪುತ್ತದೆ. ಹಿಂದಿರುಗುವಾಗ ಹಡಗಿನ ಮೇಲಿನಿಂದ ಸಮುದ್ರದ ನೀಲಿಯನ್ನು ನೋಡಿ, ಆ ಬಣ್ಣ ಆಕಾಶದ ಪ್ರತಿಬಿಂಬ ಮಾತ್ರವೇ ಎಂದು ರಾಮನ್ ಕೇಳಿಕೊಂಡರು. ಆ ಪ್ರಶ್ನೆಯ ಜಾಡು ಹಿಡಿದ ಕೆಲಸ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದಲ್ಲಿ ಮುಟ್ಟಿತು. ಪಿಟೀಲು, ಗುಮ್ಮಟ, ಸಮುದ್ರ ಎಲ್ಲದರಲ್ಲಿಯೂ ಅವರು ಹುಡುಕಿದ್ದು ಅಲೆಗಳನ್ನೇ.

ಹೆಸರಿಲ್ಲದ ಕೈಗಳು

ಇದೆಲ್ಲವನ್ನೂ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಒಂದು ಡಬ್ಬದ ಬಾಯಿಗೆ ಬಲೂನಿನ ರಬ್ಬರು ಬಿಗಿದು ಬೆರಳಿನಿಂದ ಚಿಮ್ಮಿದರೆ ಒಂದು ಸದ್ದು ಬರುತ್ತದೆ. ಅದರ ನಡುವೆ ಚಪಾತಿ ಹಿಟ್ಟಿನ ಸಣ್ಣ ಬಿಲ್ಲೆ ಅಂಟಿಸಿ ಮತ್ತೆ ಚಿಮ್ಮಿದರೆ ಸ್ವರ ತಗ್ಗಿದ್ದು ಕಿವಿಗೇ ಗೊತ್ತಾಗುತ್ತದೆ. ಮಕ್ಕಳು ಹಿಟ್ಟನ್ನು ಹೆಚ್ಚು ಕಡಿಮೆ ಮಾಡುತ್ತ ಹೋದಾಗ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರದ ಒಂದೊಂದು ಅಕ್ಷರಕ್ಕೂ ಅರ್ಥ ಸಿಗುತ್ತದೆ.

ಆದರೆ ಹಿಟ್ಟು ಅಂಟಿಸುವುದಕ್ಕೂ ಕರಣೆ ಹಾಕುವುದಕ್ಕೂ ಅಜಗಜಾಂತರವಿದೆ. ಕರಣೆ ಹಾಕುವವರ ಮುಂದೆ ತಕ್ಕಡಿಯಿಲ್ಲ, ಅಳತೆಪಟ್ಟಿಯಿಲ್ಲ. ಪದರ ಹಾಕುತ್ತ, ನುಡಿಸಿ ಕೇಳುತ್ತ, ಇನ್ನೊಂದು ಪದರ ಬೇಕೆ ಸಾಕೆ ಎಂಬುದನ್ನು ಕಿವಿಯಿಂದಲೇ ತೀರ್ಮಾನಿಸುತ್ತಾರೆ. ಆಡಿನ ಚರ್ಮ ಎಷ್ಟು ದಪ್ಪವಿರಬೇಕು, ಬಾರು ಎಷ್ಟು ಬಿಗಿಯಬೇಕು, ಹಲಸಿನ ಮರದ ಕಳಸೆಯನ್ನು ಒಳಗೆ ಎಷ್ಟು ಕೊರೆಯಬೇಕು ಎಂಬುದೆಲ್ಲ ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ. ನುಡಿಸಿ ನುಡಿಸಿ ಕರಣೆ ಉದುರಿದಾಗ ದೊಡ್ಡ ವಿದ್ವಾಂಸರೂ ಇವರ ಬಾಗಿಲಿಗೇ ಹೋಗಬೇಕು.

ಹಾಗಿದ್ದೂ ಕಛೇರಿಯ ಕರಪತ್ರದಲ್ಲಿ ಇವರ ಹೆಸರು ಇರುವುದಿಲ್ಲ. ಸತ್ತ ಪ್ರಾಣಿಯ ಚರ್ಮ ಮುಟ್ಟುವ ಕೆಲಸವೆಂಬ ಕಾರಣಕ್ಕೆ ಈ ಕಸುಬಿನವರಲ್ಲಿ ಅನೇಕರನ್ನು ಸಮಾಜ ದೂರವಿಟ್ಟಿತು. ಅವರ ಕೈಯಿಂದ ಬಂದ ವಾದ್ಯ ಮಾತ್ರ ಗರ್ಭಗುಡಿಯ ಮುಂದೆ ನುಡಿಯಿತು. ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಇಂಗ್ಲಿಷ್ ಪುಸ್ತಕ ಮೃದಂಗ ತಯಾರಕರ ಈ ಚರಿತ್ರೆಯನ್ನೇ ಕುರಿತದ್ದು. ದಕ್ಷಿಣದ ಹಲವಾರು ತಯಾರಕ ಕುಟುಂಬಗಳ ಹೆಸರುಗಳು ಆ ಮೂಲಕ ಓದುಗರಿಗೆ ತಿಳಿದವು.

ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಮಾತ್ರ ಇರುತ್ತದೆ ಎಂದುಕೊಂಡವರಿಗೆ ಮೃದಂಗ ಕೊಡುವ ಉತ್ತರ ದೊಡ್ಡದು. ಒಂಬತ್ತು ಕಂಪನಗಳನ್ನು ಐದು ಸ್ವರಗಳಲ್ಲಿ ಕೂರಿಸುವ ಸಮಸ್ಯೆಯನ್ನು ಗಣಿತದ ಒಂದು ಅಕ್ಷರವೂ ಇಲ್ಲದೆ, ಅನ್ನ ಮತ್ತು ಕಲ್ಲಿನ ಪುಡಿಯಿಂದ ಬಿಡಿಸಿದವರು ಇದ್ದರು. ಅವರು ಬಿಡಿಸಿದ್ದು ಎಂತಹ ಸಮಸ್ಯೆ ಎಂದು ಗುರುತಿಸಲು ರಾಮನ್ ಅವರಂತಹ ಕಿವಿ ಬೇಕಾಯಿತು. 1920ರ ಟಿಪ್ಪಣಿಯ ಅಡಿಯಲ್ಲಿ ಇಬ್ಬರು ವಿಜ್ಞಾನಿಗಳ ಹೆಸರಿದೆ. ಅದಕ್ಕೂ ಶತಮಾನಗಳ ಹಿಂದೆ ಬರಿಯ ಚರ್ಮದ ನಡುವೆ ಮೊದಲ ಸಲ ಕಪ್ಪುಬೊಟ್ಟು ಇಟ್ಟು, ಕಿವಿಗೊಟ್ಟು ಕೇಳಿ, ಸಾಲದೆಂದು ಇನ್ನೊಂದು ಪದರ ಹಚ್ಚಿದವರ ಹೆಸರು ಎಲ್ಲಿಯೂ ಉಳಿದಿಲ್ಲ. ಉಳಿದಿರುವುದು ಅವರು ಹಿಡಿದುಕೊಟ್ಟ ಹದ ಮಾತ್ರ. ಅದು ಇಂದಿಗೂ ಪ್ರತಿ ಮೃದಂಗದ ಬಲ ಮುಚ್ಚಿಗೆಯ ಮೇಲಿದೆ.